ಬದುವಿನ ಮೇಲೆ ಮೊಬೈಲು: ಎಲ್ಲಿಯವರೆಗೆ ನಂಬಬೇಕು?



ಮುಂಗಾರಿನ ಮೊದಲ ಹದಕ್ಕೆ ಕಲಘಟಗಿ ತಾಲೂಕಿನ ಒಂದು ಹಳ್ಳಿಗೆ ಬೀಜೋಪಚಾರದ ಪ್ರಾತ್ಯಕ್ಷಿಕೆಗೆಂದು ಹೋಗಿದ್ದೆ. ಸೋಯಾ ಅವರೆ ಬೀಜ, ಔಷಧಿ, ಬುಟ್ಟಿ ಎಲ್ಲ ಸಿದ್ಧವಾಗಿದ್ದವು. ಬರಬೇಕಾದ ಜನ ಮಾತ್ರ ಬಂದಿರಲಿಲ್ಲ. ಎಲ್ಲರೂ ಪಕ್ಕದ ಹೊಲದ ಬದುವಿನ ಮೇಲೆ ಗುಂಪುಗೂಡಿದ್ದರು. ಕಾಲೇಜು ಓದುವ ಹುಡುಗನೊಬ್ಬ ಮೊಬೈಲು ಹಿಡಿದು ಹೊಲದ ಸುತ್ತ ನಡೆದು ಬಂದಿದ್ದ. ಉತಾರದಲ್ಲಿ 3 ಎಕರೆ 6 ಗುಂಟೆ ಇದ್ದ ಹೊಲ ಅವನ ಮೊಬೈಲಿನಲ್ಲಿ 3 ಎಕರೆ 2 ಗುಂಟೆ ಬಂದಿತ್ತು. "ದೊಡ್ಡಪ್ಪಾ, ನಾಕು ಗುಂಟೆ ನಿಮ್ಮ ಕಡೆ ಹೋಗೇತಿ" ಎಂದು ಅವನ ವಾದ. "ಈ ಬಾಂದಗಲ್ಲು ನಮ್ಮಪ್ಪನ ಕಾಲದಿಂದ ಇಲ್ಲೇ ಐತಿ. ನಿನ್ನ ಮೊಬೈಲು ಯಾವಾಗ ಹುಟ್ಟೇತೋ?" ಎಂದು ದೊಡ್ಡಪ್ಪನ ಉತ್ತರ. ಮಾತು ಮಾತಿಗೆ ಬೆಳೆದು ಕುಡಗೋಲು ಹಿಡಿದ ಕೈಗಳೂ ಹತ್ತಿರ ಬರುತ್ತಿದ್ದವು.

ನಾನು ಪಂಚನಲ್ಲ. ಆದರೂ ಸುಮ್ಮನೆ ನಿಲ್ಲಲಾಗದೆ, ಇನ್ನೊಬ್ಬನ ಮೊಬೈಲು ಇಸಿದುಕೊಂಡು ಅದೇ ಬದು ಹಿಡಿದು ಇನ್ನೊಮ್ಮೆ ಸುತ್ತಿ ಬಾ ಎಂದು ಆ ಹುಡುಗನಿಗೇ ಹೇಳಿದೆ. ಸುತ್ತಿ ಬಂದ. ಈ ಸಲ 3 ಎಕರೆ 9 ಗುಂಟೆ! ಅರ್ಧ ತಾಸಿನಲ್ಲಿ ಹೊಲ ಏಳು ಗುಂಟೆ ಬೆಳೆದಿತ್ತು. ದೊಡ್ಡಪ್ಪ ನಕ್ಕರು, ಹುಡುಗನೂ ನಕ್ಕ, ಜನ ಬೀಜೋಪಚಾರ ನೋಡಲು ಬಂದರು. ಎಲ್ಲ ಊರಿನಲ್ಲಿಯೂ ಹೀಗೆ ನಕ್ಕು ಮುಗಿಯುವುದಿಲ್ಲ. ಆದ್ದರಿಂದ ಈ ವಾರ ಗೊಬ್ಬರ, ಕೀಟನಾಶಕಗಳ ಮಾತು ಬದಿಗಿಟ್ಟು, ನಿಮ್ಮ ಜೇಬಿನಲ್ಲಿಯೇ ಇರುವ ಈ ಉಪಗ್ರಹ ಮಾಪಕದ ವಿಷಯ ಬರೆಯುತ್ತಿದ್ದೇನೆ.

ಮೊದಲು ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕು. ನಾವು ಸಾಮಾನ್ಯವಾಗಿ ಜಿಪಿಎಸ್ ಎಂದು ಕರೆಯುವುದು ಅಮೆರಿಕದ ಉಪಗ್ರಹಗಳ ಏರ್ಪಾಡು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಮೂವತ್ತರಷ್ಟು ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ಒಂದೊಂದರಲ್ಲಿಯೂ ಅತಿ ನಿಖರವಾದ ಪರಮಾಣು ಗಡಿಯಾರ. ನಾನು ಇಂಥಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಗಂಟೆ ಎಂದು ಅವು ಎಡೆಬಿಡದೆ ಸಾರುತ್ತಿರುತ್ತವೆ. ಆ ಸುದ್ದಿ ನಿಮ್ಮ ಹೊಲಕ್ಕೆ ಮುಟ್ಟಲು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲಿನಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಮುಟ್ಟಿತು ಎಂಬುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಮೊಬೈಲು ಲೆಕ್ಕ ಹಾಕುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ಜಾಗ ಗೊತ್ತಾಗುತ್ತದೆ. ನಾಲ್ಕನೆಯದು ಮೊಬೈಲಿನ ಅಗ್ಗದ ಗಡಿಯಾರವನ್ನು ಸರಿಪಡಿಸಿಕೊಳ್ಳಲು. ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪು ಬರುತ್ತದೆ. ಅಂದಮೇಲೆ ಇಡೀ ಆಟ ಗಡಿಯಾರದ್ದೇ ಆಯಿತು.

ನಮ್ಮ ದೇಶದ್ದೂ ಇಂಥದೊಂದು ಏರ್ಪಾಡಿದೆ. ಅದರ ಹೆಸರು ನಾವಿಕ್. ಇದರ ಮೊದಲ ಉಪಗ್ರಹವನ್ನು ಇಸ್ರೋ 2013ರ ಜುಲೈ 1ರಂದು ಹಾರಿಸಿತು. ಅದರ ಲೆಕ್ಕಾಚಾರದ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಮೊದಲು ಹಾರಿಸಿದ ಕೆಲವು ಉಪಗ್ರಹಗಳಲ್ಲಿ, ವಿದೇಶದಿಂದ ತರಿಸಿದ್ದ ಗಡಿಯಾರಗಳೇ ಕೆಟ್ಟು ನಿಂತವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲಿಯೇ ಮಾಡಿದ ಗಡಿಯಾರ ಇದೆ. 2020ರಿಂದೀಚೆಗೆ ಬಂದ ಕೆಲವು ಮೊಬೈಲುಗಳು ಇದನ್ನೂ ಹಿಡಿಯುತ್ತವೆ. ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನದ ಬೈಡೂ ಇವನ್ನೂ ಇಂದಿನ ಮೊಬೈಲುಗಳು ಕೂಡಿಸಿಕೊಂಡೇ ಲೆಕ್ಕ ಹಾಕುತ್ತವೆ.

ಇಲ್ಲಿ ಬಹಳ ಜನರಿಗೆ ತಿಳಿಯದ ಮಾತೊಂದಿದೆ. ಮೊಬೈಲು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ರೇಡಿಯೋದಂತೆ ಬರೀ ಕೇಳುತ್ತದೆ. ಆದ್ದರಿಂದ ಜಾಗ ತಿಳಿಯಲು ಟವರೂ ಬೇಕಿಲ್ಲ, ರೀಚಾರ್ಜೂ ಬೇಕಿಲ್ಲ. ನಕಾಶೆಯ ಚಿತ್ರ ಬರಲಷ್ಟೇ ನೆಟ್ ಬೇಕು. ಅದನ್ನು ಮನೆಯಲ್ಲಿಯೇ ಇಳಿಸಿಟ್ಟುಕೊಂಡು ಹೋದರೆ ಕಾಡಂಚಿನ ಹೊಲದಲ್ಲಿಯೂ ನಡೆಯುತ್ತದೆ. ನೆಟ್ ಇಲ್ಲದಾಗ ಉಪಗ್ರಹಗಳನ್ನು ಹುಡುಕಲು ಮೊದಲಿಗೆ ಕೆಲವು ನಿಮಿಷ ಹಿಡಿಯುತ್ತದೆ, ಅಷ್ಟೇ.

ಇನ್ನು ತಪ್ಪಿನ ಲೆಕ್ಕಕ್ಕೆ ಬರೋಣ. ಬಯಲಿನಲ್ಲಿ, ತಲೆಯ ಮೇಲೆ ತೆರೆದ ಆಕಾಶವಿದ್ದಾಗ, ಒಳ್ಳೆಯ ಮೊಬೈಲು ತೋರಿಸುವ ಜಾಗ ನಿಜವಾದ ಜಾಗದಿಂದ ಸಾಮಾನ್ಯವಾಗಿ ಐದು ಮೀಟರ್, ಅಂದರೆ 16 ಅಡಿಯೊಳಗೆ ಇರುತ್ತದೆ. ನಿಮ್ಮ ಅಜ್ಜಂದಿರಿಗೆ ಇದನ್ನು ಹೀಗೆ ಹೇಳಿ: ಮುಂಬಯಿ ಇಲಾಖೆಯ ಮೋಜಣಿಯಲ್ಲಿ 33 ಅಡಿಯ ಸರಪಳಿ, ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ಮೊಬೈಲಿನ ತಪ್ಪು ಎಂಟು ಆಣೆ! ಸರಪಳಿ ಎಳೆಯುವವನು ಎಂಟಾಣೆ ತಪ್ಪಿಸಿದ್ದರೆ ಆ ಕಾಲದ ಮೋಜಣಿದಾರ ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಮರದ ಕೆಳಗೆ, ಗುಡ್ಡದ ಬುಡದಲ್ಲಿ, ತಗಡಿನ ಚಪ್ಪರದ ಪಕ್ಕದಲ್ಲಿ ತಪ್ಪು ಇದಕ್ಕಿಂತಲೂ ಹೆಚ್ಚು. ಮೋಡದಿಂದ ಅಷ್ಟು ತೊಂದರೆ ಇಲ್ಲ. ಮಳೆಯಲ್ಲಿ ತೊಯ್ದ ದಟ್ಟ ಎಲೆಗಳಿಂದ ಇದೆ. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ರೈತರ ಕೃಷಿ ಹೊಂಡದ ಜಾಗವನ್ನು ದಾಖಲಿಸಲು ಹೋದಾಗ ಬಿಸಿಲಿಗೆ ಬೇಸತ್ತು ಬದುವಿನ ಮಾವಿನ ಮರದ ನೆರಳಿನಲ್ಲಿ ನಿಂತು, ಮೊಬೈಲು ತೆರೆದ ಕೂಡಲೇ ಚಿತ್ರ ತೆಗೆದೆ. ಕಚೇರಿಗೆ ಬಂದು ನೋಡಿದರೆ ಹೊಂಡ ಪಕ್ಕದವರ ಸರ್ವೆ ನಂಬರಿನಲ್ಲಿ ಬಿದ್ದಿತ್ತು. ಆ ರೈತರು ಎರಡನೇ ಸಲ ನನಗಾಗಿ ಕೂಲಿ ಬಿಟ್ಟು ಹೊಲಕ್ಕೆ ಬರಬೇಕಾಯಿತು. ಎರಡು ನಿಮಿಷ ಬಿಸಿಲಿನಲ್ಲಿ ನಿಂತಿದ್ದರೆ ತಪ್ಪುತ್ತಿತ್ತು.

ಇದನ್ನು ಹೇಳಲು ಕಾರಣವಿದೆ. ಬೆಳೆ ಸಮೀಕ್ಷೆಯನ್ನು ಮೊಬೈಲಿನಲ್ಲಿ ರೈತರೇ ಮಾಡುವ ಅವಕಾಶ 2020ರಲ್ಲಿ ಬಂದಿತು. ಅಲ್ಲಿ ನೀವು ತೆಗೆಯುವ ಚಿತ್ರದ ಜೊತೆಗೆ ಜಾಗವೂ ದಾಖಲಾಗುತ್ತದೆ. ಬೆಳೆ ವಿಮೆಯ ಅರ್ಜಿಯಲ್ಲಿ ಗೋವಿನಜೋಳ, ಸಮೀಕ್ಷೆಯಲ್ಲಿ ಪಕ್ಕದ ಹೊಲದ ಹತ್ತಿ ಎಂದಾದರೆ ಪರಿಹಾರದ ಹಣಕ್ಕೆ ತಡೆ ಬೀಳುತ್ತದೆ. ಆಗ ಕಚೇರಿಯಿಂದ ಕಚೇರಿಗೆ ತಿರುಗುವವರು ನೀವೇ. ಆದ್ದರಿಂದ ಚಿತ್ರ ತೆಗೆಯುವಾಗ ಬದುವಿನ ಮೇಲಲ್ಲ, ಹೊಲದ ನಡುವೆ ನಿಲ್ಲಿರಿ. ಮರದಿಂದ ದೂರ ನಿಲ್ಲಿರಿ. ಎರಡು ನಿಮಿಷ ತಾಳಿರಿ. ಆಮೇಲೆ ಗುಂಡಿ ಒತ್ತಿರಿ.

ಕ್ಷೇತ್ರದ ಅಳತೆಯಲ್ಲಿ ಈ ತಪ್ಪು ಎಷ್ಟು ಗುಂಟೆ ಆಗುತ್ತದೆ? ಒಂದು ಎಕರೆಯ ಚೌಕಾಕಾರದ ಹೊಲಕ್ಕೆ ಸುತ್ತಳತೆ ಸುಮಾರು 254 ಮೀಟರ್. ನಡೆದ ಗೆರೆ ಸುತ್ತಲೂ ಒಂದೇ ಒಂದು ಮೀಟರ್ ಒಳಗೆ ಬಿದ್ದರೆ ಎರಡೂವರೆ ಗುಂಟೆ ಕಡಿಮೆ, ಹೊರಗೆ ಬಿದ್ದರೆ ಎರಡೂವರೆ ಗುಂಟೆ ಹೆಚ್ಚು. ನಾಲ್ಕು ಎಕರೆಗೆ ಐದು ಗುಂಟೆ. ನೋಡಿ, ಹೊಲ ನಾಲ್ಕು ಪಟ್ಟು ಆದರೂ ತಪ್ಪು ಎರಡು ಪಟ್ಟು ಮಾತ್ರ ಆಯಿತು. ದೊಡ್ಡ ಹೊಲಕ್ಕೆ ಮೊಬೈಲಿನ ಅಳತೆ ಹೆಚ್ಚು ನಂಬಿಕೆಯದು. ಹತ್ತು ಗುಂಟೆಯ ಹಿತ್ತಲಿಗೆ ಅದನ್ನು ಹಿಡಿಯಲೇಬೇಡಿ. ಉದ್ದನೆಯ ಪಟ್ಟಿಯಂಥ ಹೊಲಕ್ಕೆ ಸುತ್ತಳತೆ ಹೆಚ್ಚಾದ್ದರಿಂದ ತಪ್ಪೂ ಹೆಚ್ಚು. ಅಣ್ಣ ತಮ್ಮಂದಿರು ಪಾಲಾಗಿ ಹೊಲಗಳು ಪಟ್ಟಿಪಟ್ಟಿಯಾಗಿರುವ ನಮ್ಮ ಕಡೆಗೆ ಇದು ಮುಖ್ಯವಾದ ಮಾತು.

ಹಾಗಾದರೆ ಮೊಬೈಲಿನ ಅಳತೆ ಉಪಯೋಗವಿಲ್ಲವೇ? ಉಂಟು. ಎಕರೆಗೆ ಇಷ್ಟೆಂದು ಮಾತಾಡಿ ಟ್ರ್ಯಾಕ್ಟರಿನಿಂದ ಬಿತ್ತಿಸುವಾಗ, ಡ್ರೋನಿನಿಂದ ಔಷಧಿ ಹೊಡೆಸುವಾಗ, ಆಳಿಗೆ ಕಳೆ ಗುತ್ತಿಗೆ ಕೊಡುವಾಗ ಇದು ಸಾಕು. ನಾಲ್ಕು ಎಕರೆಗೆ ಐದು ಗುಂಟೆ ಅತ್ತಿತ್ತ ಆದರೆ ಯಾರ ಮನೆಯೂ ಮುಳುಗುವುದಿಲ್ಲ. ಬೀಜ, ಗೊಬ್ಬರದ ಲೆಕ್ಕಕ್ಕೂ ಇದು ಧಾರಾಳವಾಯಿತು. ಎರಡು ಸಲ ಸುತ್ತಿ ಸರಾಸರಿ ತೆಗೆದರೆ ಇನ್ನೂ ಲೇಸು. ಮೂಲೆಗಳಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗಿ.

ಬಾಂದಿನ ತಂಟೆಗೆ ಮಾತ್ರ ಬೇಡ. ರಾಜ್ಯ ಸರ್ಕಾರದ ದಿಶಾಂಕ್ ಎಂಬ ಅಪ್ಲಿಕೇಶನ್ನಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ತೋರುತ್ತದೆ, ಒಳ್ಳೆಯ ಅನುಕೂಲ. ಆದರೆ ಅದು ಹಳೆಯ ಗ್ರಾಮ ನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂಡಿಸಿದ್ದು. ಕೂಡಿಸುವಾಗಲೇ ಗೆರೆ ಕೆಲವು ಮೀಟರ್ ಸರಿದಿರಬಹುದು, ಅದರ ಮೇಲೆ ನಿಮ್ಮ ಮೊಬೈಲಿನ ಎಂಟಾಣೆ ತಪ್ಪು. ಎರಡು ತಪ್ಪು ಕೂಡಿ ನೆರೆಯವನ ಬಾವಿ ನಿಮ್ಮ ಹೊಲದಲ್ಲಿ ಕಾಣಿಸಿದರೆ ಹಿಗ್ಗಬೇಡಿ. ಗಡಿಯ ಸಂಶಯವಿದ್ದವರು ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರನ್ನು ಕರೆಸಬೇಕು. ಅಕ್ಕಪಕ್ಕದವರಿಗೆ ನೋಟೀಸು ಹೋಗಿ ಅವರ ಎದುರಿಗೇ ಅಳತೆಯಾಗಬೇಕು. ಮೋಜಣಿ ಇಲಾಖೆಯವರೂ ಈಗ ಉಪಗ್ರಹದ ಉಪಕರಣ ತರುತ್ತಾರೆ. ಆದರೆ ಅದು ಬೇರೆ ಜಾತಿಯದು. ನಿಶ್ಚಿತ ಜಾಗದಲ್ಲಿ ಸ್ಥಿರವಾಗಿ ನಿಲ್ಲಿಸಿದ ಇನ್ನೊಂದು ಉಪಕರಣ ಆ ಗಳಿಗೆಯ ತಪ್ಪು ಎಷ್ಟೆಂದು ಹೇಳುತ್ತಿರುತ್ತದೆ, ಕೈಯಲ್ಲಿಯದು ಅದನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಹಾಗಾಗಿ ಅದರ ತಪ್ಪು ಬೆರಳುಗಳ ಲೆಕ್ಕದಲ್ಲಿ ಇರುತ್ತದೆ. ಬಾಂದಗಲ್ಲು ಕೀಳುವುದಂತೂ 1964ರ ಕರ್ನಾಟಕ ಭೂ ಕಂದಾಯ ಕಾಯದೆಯಡಿ ಅಪರಾಧ. ಮೊಬೈಲು ತೋರಿಸಿತು ಎಂದರೆ ಯಾರೂ ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎತ್ತರ ತಿಳಿಯಲು ಮೊಬೈಲು ಬೇಡವೇ ಬೇಡ. ಜಾಗಕ್ಕಿಂತ ಎತ್ತರದಲ್ಲಿ ತಪ್ಪು ಹೆಚ್ಚು; ಕೆಲವು ಮೊಬೈಲುಗಳು ತೋರಿಸುವ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ ಹತ್ತಾರು ಮೀಟರ್ ವ್ಯತ್ಯಾಸ. ಕಳೆದ ವರ್ಷ ಒಬ್ಬ ತರುಣ ಮೊಬೈಲು ನೋಡಿ ಸಮಪಾತಳಿ ಒಡ್ಡು ಹಾಕಹೊರಟಿದ್ದ. ಒಡ್ಡಿಗೆ ಅಂಗುಲದ ಲೆಕ್ಕ ಬೇಕು. ನೀರು ತುಂಬಿದ ಪಾರದರ್ಶಕ ಕೊಳವೆ, ಎರಡು ಕೋಲು ಇದ್ದರೆ ಸಾಕು, ನೀರು ಸುಳ್ಳು ಹೇಳುವುದಿಲ್ಲ.

ಇಷ್ಟು ಬೇಡಗಳನ್ನು ಹೇಳಿದ ಮೇಲೆ ಬೇಕುಗಳನ್ನೂ ಹೇಳಬೇಕು. ಹವ್ಯಾಸವಾಗಿ ಇದನ್ನು ಹಿಡಿದವರು ಲೋಕದಲ್ಲಿ ಲಕ್ಷಾಂತರ ಜನ. ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಕೊಡುವ ಸಂಕೇತವನ್ನು ಬೇಕೆಂದೇ ಮಸುಕುಮಾಡಿ ನೂರು ಮೀಟರಿನಷ್ಟು ತಪ್ಪು ಬರುವಂತೆ ಮಾಡಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಒಂದೆರಡು ದಿನದಲ್ಲಿಯೇ, ಮೇ 3ರಂದು, ಆರೆಗಾನ್ ಪ್ರಾಂತದ ಡೇವ್ ಅಲ್ಮರ್ ಎಂಬುವರು ಕಾಡಿನಲ್ಲಿ ಒಂದು ಬಕೆಟ್ಟಿನಲ್ಲಿ ಸಣ್ಣಪುಟ್ಟ ವಸ್ತುಗಳನ್ನಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಸಾರಿ, ಹುಡುಕಿರಿ ಎಂದರು. ಅಲ್ಲಿಂದ ಬೆಳೆದ ಈ ಡಬ್ಬಿ ಹುಡುಕುವ ಆಟ ಇಂದು ಬಹಳ ದೇಶಗಳಿಗೆ ಹರಡಿದೆ. ನಮ್ಮ ಶಾಲೆಯ ಮಕ್ಕಳಿಗೆ ಸ್ವಾತಂತ್ರ್ಯ ದಿನದ ಆಟಗಳಲ್ಲಿ ಇದನ್ನು ಇಡಬಹುದು. ಡಬ್ಬಿಯಲ್ಲಿ ಪೆನ್ಸಿಲ್ಲು, ತರಕಾರಿ ಬೀಜದ ಪೊಟ್ಟಣ ಇಟ್ಟರಾಯಿತು. ಊರ ಬಯಲಿನಲ್ಲಿ, ಶಾಲೆಯ ಅಂಗಳದಲ್ಲಿ ಇಡಿ. ಅರಣ್ಯದಲ್ಲಿ ಬೇಡ, ಕೆರೆಯ ಅಂಚಿನಲ್ಲಂತೂ ಬೇಡವೇ ಬೇಡ. ಮೊಬೈಲು ನೋಡುತ್ತ ನಡೆಯುವ ಮಕ್ಕಳಿಗೆ ಕಾಲ ಕೆಳಗಿನದು ಕಾಣುವುದಿಲ್ಲ.

ಇನ್ನೊಂದು ಹವ್ಯಾಸ ನಮ್ಮ ಬಾಗಿಲಿಗೇ ಬಂದಿದೆ. ಅಮೆರಿಕದವರೇ ಆದ ಅಲೆಕ್ಸ್ ಜ್ಯಾರೆಟ್ 1996ರಲ್ಲಿ ಒಂದು ಹುಚ್ಚು ಹಿಡಿಸಿದರು: ಪೂರ್ಣಾಂಕದ ಅಕ್ಷಾಂಶವೂ ಪೂರ್ಣಾಂಕದ ರೇಖಾಂಶವೂ ಕೂಡುವ ಜಾಗಗಳಿಗೆ ನಡೆದುಹೋಗಿ, ಅಲ್ಲಿ ಏನಿದೆ ಎಂದು ಚಿತ್ರ ತೆಗೆದು ದಾಖಲಿಸುವುದು. ನಮ್ಮ ತಾಲೂಕಿನವರು ಇದಕ್ಕೆ ದೂರ ಹೋಗಬೇಕಿಲ್ಲ. 75ನೇ ಪೂರ್ವ ರೇಖಾಂಶ ಧಾರವಾಡದ ಮೈಮೇಲಿಂದಲೇ ಇಳಿದು, ಕಲಘಟಗಿ ಊರಿನ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಹಾಯ್ದು, ಮುಂಡಗೋಡದ ಕಡೆಗೆ ಸಾಗುತ್ತದೆ. 15ನೇ ಉತ್ತರ ಅಕ್ಷಾಂಶವನ್ನು ಅದು ಕೂಡುವುದು ಕಲಘಟಗಿಯಿಂದ ದಕ್ಷಿಣಕ್ಕೆ ನೇರವಾಗಿ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಮುಂಡಗೋಡದ ಹತ್ತಿರ. ಭೂಗೋಳದ ನಕಾಶೆಯಲ್ಲಿ ಎರಡು ಗೆರೆ ಕೂಡುವ ಜಾಗ ನಮ್ಮ ಸೈಕಲ್ಲಿನ ಅಳವಿನಲ್ಲಿದೆ ಎಂದರೆ ಮಕ್ಕಳಿಗೆ ಎಷ್ಟು ಹಿಗ್ಗು! ಯಾರದಾದರೂ ಹೊಲದಲ್ಲಿ ಬಿದ್ದರೆ ಅವರನ್ನು ಕೇಳಿಯೇ ಒಳಗೆ ಹೋಗಬೇಕು; ಅರಣ್ಯದಲ್ಲಿ ಬಿದ್ದರೆ ಇಲಾಖೆಯ ಅಪ್ಪಣೆ ಪಡೆಯಬೇಕು.

ಈ 75ನೇ ಗೆರೆಗೆ ಇನ್ನೊಂದು ಸ್ವಾರಸ್ಯವಿದೆ. ನಮ್ಮ ಗಡಿಯಾರಗಳ ಸಮಯ 82½ನೇ ರೇಖಾಂಶದ್ದು. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಸರಿಯಾಗಿ ಅರ್ಧ ತಾಸು. ಅಂದರೆ ನಮ್ಮಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸರಾಸರಿ ಹನ್ನೆರಡೂವರೆಗೆ. ಅಂಗಳದಲ್ಲಿ ನೆಟ್ಟಗೆ ಕೋಲು ನಿಲ್ಲಿಸಿ, ನೆರಳು ಅತಿ ಗಿಡ್ಡವಾದ ಗಳಿಗೆಯನ್ನು ಮಕ್ಕಳಿಂದ ಬರೆಯಿಸಿರಿ. ಏಪ್ರಿಲ್ ಮಧ್ಯದಲ್ಲಿ, ಸಪ್ಟಂಬರ್ ಮೊದಲಿಗೆ ಸರಿಯಾಗಿ ಹನ್ನೆರಡೂವರೆ ಬರುತ್ತದೆ. ಫೆಬ್ರವರಿ ಮಧ್ಯದಲ್ಲಿ ಮುಕ್ಕಾಲರ ಹತ್ತಿರ, ನವಂಬರ್ ಮೊದಲಿಗೆ ಕಾಲರ ಹತ್ತಿರ. ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟ್ ಎರಡನೇ ವಾರದಲ್ಲಿಯೂ ಒಂದು ದಿನ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಬಿಡಬೇಕಷ್ಟೆ! ಮೊಬೈಲು ತೋರಿಸುವ ಅಂಕಿ ಎಲ್ಲಿಂದ ಬಂತು ಎಂದು ಕೋಲಿನಿಂದಲೇ ಕಲಿತ ಮಗು ಅಂಕಿಗೆ ಹೆದರುವುದೂ ಇಲ್ಲ, ಕುರುಡಾಗಿ ನಂಬುವುದೂ ಇಲ್ಲ.

ಈಗ ನನ್ನ ಮುಖ್ಯ ಬಿನ್ನಹ. ನಮ್ಮ ಹಳ್ಳಿಗಳಲ್ಲಿ ತರುಣರ ಕೈಯಲ್ಲಿ ಮೊಬೈಲಿದೆ, ಹಿರಿಯರ ತಲೆಯಲ್ಲಿ ಊರಿನ ನಕಾಶೆ ಇದೆ. ಎರಡೂ ಇನ್ನೂ ಒಂದು ಕಡೆ ಕೂತಿಲ್ಲ. ಮಲೆನಾಡಿನ ಸೆರಗಿನ ಈ ತಾಲೂಕಿನಲ್ಲಿ ಊರೂರಿಗೆ ಕೆರೆಗಳಿವೆ. ಕೆರೆಗೆ ನೀರು ತರುತ್ತಿದ್ದ ಹಳ್ಳ ಯಾವುದು, ಅದು ಯಾರ ಹೊಲದ ಅಂಚಿನಲ್ಲಿ ಹಾಯುತ್ತಿತ್ತು, ಹಳೆಯ ತೂಬು ಎಲ್ಲಿ ಹೂತಿದೆ, ಯಾವ ಬಾವಿ ಬೇಸಿಗೆಯಲ್ಲಿಯೂ ಬತ್ತುತ್ತಿರಲಿಲ್ಲ ಎಂಬುದು ಎಪ್ಪತ್ತು ದಾಟಿದ ನಾಲ್ಕಾರು ಜನರಿಗೆ ಮಾತ್ರ ಗೊತ್ತು. ಹಳ್ಳ ಮುಚ್ಚಿ ಹೊಲ ಮಾಡಿದ ಮೇಲೆ, ಅದನ್ನು ಬಲ್ಲ ಅಜ್ಜನೂ ಹೋದ ಮೇಲೆ, ಕೆರೆಯ ಹೂಳು ಎಷ್ಟು ತೆಗೆದರೂ ನೀರು ಬರುವುದಿಲ್ಲ. ಹೂಳು ತೆಗೆಸಿ ಎರಡು ಮಳೆಗಾಲ ಖಾಲಿ ನಿಂತ ಕೆರೆಯನ್ನು ನಾನೇ ಕಂಡಿದ್ದೇನೆ. ನೀರು ಬರುವ ದಾರಿಯನ್ನು ಯಾರೂ ಕೇಳಿರಲಿಲ್ಲ.

ಆದ್ದರಿಂದ ವಾಚನಾಲಯದಲ್ಲಿ ಒಂದು ದಪ್ಪ ವಹಿ ಇಡಿ. ಅಮಾವಾಸ್ಯೆಯ ದಿನ ಹೇಗೂ ಎತ್ತು ಹೂಡುವುದಿಲ್ಲ. ಇಬ್ಬರು ತರುಣರು ಒಬ್ಬ ಹಿರಿಯರನ್ನು ಕರೆದುಕೊಂಡು ಹೊರಡಿ. ಅಜ್ಜ ತೋರಿಸಿದ ಜಾಗದಲ್ಲಿ ಎರಡು ನಿಮಿಷ ನಿಂತು ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಬೇರೆ ದಿನ ಅದೇ ಜಾಗಕ್ಕೆ ಹೋಗಿ ಮತ್ತೊಮ್ಮೆ ಬರೆದು ಸರಾಸರಿ ತೆಗೆಯಿರಿ. ದಶಾಂಶದ ನಂತರ ಐದು ಅಂಕಿ ಸಾಕು. ನಾಲ್ಕನೇ ಅಂಕಿ ಒಂದು ಬದಲಾದರೆ ಹೆಚ್ಚುಕಡಿಮೆ ಒಂದು ಸರಪಳಿ ಸರಿದಂತೆ, ಐದನೇ ಅಂಕಿಗೆ ಎರಡೂವರೆ ಮೊಳ. ಮೊಬೈಲು ಆರು, ಏಳು ಅಂಕಿ ತೋರಿಸುತ್ತದೆ. ಅದಕ್ಕೆ ಗೊತ್ತಿಲ್ಲದ್ದನ್ನೂ ಗೊತ್ತಿದೆ ಎಂದು ಹೇಳುವ ಚಟ. ಅಂಕಿಯ ಪಕ್ಕದಲ್ಲಿ ಮಾತಿನ ಗುರುತನ್ನೂ ಬರೆಯಲೇಬೇಕು: ದೊಡ್ಡ ಹುಣಸೆಮರದಿಂದ ಮೂಡಲಕ್ಕೆ ಇಷ್ಟು ಹೆಜ್ಜೆ ಎಂದು. ಮೊಬೈಲು ಕೆಡುತ್ತದೆ, ವಹಿ ಉಳಿಯುತ್ತದೆ.

ಬಾಂದಿನ ಕಲ್ಲುಗಳನ್ನು ಈ ವಹಿಯಲ್ಲಿ ಸೇರಿಸಬೇಡಿ. ಸೇರಿಸಿದ ದಿನವೇ ವಹಿ ಕಚೇರಿಯ ಸಾಕ್ಷಿಯಾಗಿ, ವಾಚನಾಲಯ ಎರಡು ಪಕ್ಷವಾಗುತ್ತದೆ.

ಬೇಸಾಯಕ್ಕೆ ಬೇಕಾದ ಗುರುತುಗಳನ್ನೂ ಹಾಕಬಹುದು. ಗೋವಿನಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ರಾಜ್ಯದಲ್ಲಿಯೇ. ಮೋಹಕ ಬಲೆಗಳನ್ನು ಎಲ್ಲೆಲ್ಲಿ ಕಟ್ಟಿದಿರಿ, ವಾರಕ್ಕೆ ಎಷ್ಟು ಪತಂಗ ಬಿದ್ದವು ಎಂದು ಜಾಗದೊಡನೆ ಬರೆದರೆ, ಹುಳು ಊರಿನ ಯಾವ ದಿಕ್ಕಿನಿಂದ ಏರುತ್ತದೆ ಎಂಬುದು ಎರಡು ವರ್ಷದಲ್ಲಿ ನಿಮಗೇ ಕಾಣುತ್ತದೆ. ಕಬ್ಬಿನಲ್ಲಿ ಗೊಣ್ಣೆ ಹುಳು ಬಿದ್ದ ತಾಣಗಳಿಗೂ ಹೀಗೆಯೇ ಮಾಡಿ. ಮಣ್ಣು ಪರೀಕ್ಷೆಯ ಮಾದರಿ ತೆಗೆದ ಜಾಗವನ್ನು ತಪ್ಪದೆ ಬರೆದಿಡಿ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಮಳೆಯಾಶ್ರಿತ ಭೂಮಿಗೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂದಿತ್ತು. ಚೀಟಿ ನಿಮ್ಮ ಹೆಸರಿನಲ್ಲಿದ್ದರೂ ಮಣ್ಣು ನಿಮ್ಮ ಹೊಲದ್ದೇ ಆಗಿರಬೇಕೆಂದಿಲ್ಲ. ನಿಮ್ಮ ಮಾದರಿ ನೀವೇ ತೆಗೆದು, ಮೂರು ವರ್ಷದ ಮೇಲೆ ಅದೇ ಜಾಗದಿಂದ ಮತ್ತೆ ತೆಗೆದರೆ ಹೋಲಿಸಿ ನೋಡಲು ಬರುತ್ತದೆ.

ನಕಾಶೆ ಮಾಡಲು ಅಪ್ಪಣೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಈ ನಿಯಮಗಳನ್ನು ಸಡಿಲಿಸಿತು; ರಕ್ಷಣೆಗೆ ಸಂಬಂಧಿಸಿದಂಥವನ್ನು ಬಿಟ್ಟು ಊರಿನ ಕೆರೆ, ಬಾವಿ, ದಾರಿಗಳನ್ನು ಗುರುತಿಸಲು ನಮ್ಮ ನಾಗರಿಕರಿಗೆ ಅಡ್ಡಿಯಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ನಕಾಶೆಗೆ ಊರಿನವರೇ ಹೆಸರು ಸೇರಿಸಬಹುದು, ಕನ್ನಡದಲ್ಲಿಯೂ. ನಮ್ಮ ಎಷ್ಟೋ ಹಳ್ಳಿಗಳ ಹೆಸರು ಮೊಬೈಲಿನ ನಕಾಶೆಗಳಲ್ಲಿ ಯಾರೂ ಕರೆಯದ ರೀತಿಯಲ್ಲಿ ಕೂತಿವೆ. ಹಳ್ಳಿಯ ಹುಡುಗರು ಮನಸ್ಸು ಮಾಡಿದರೆ ಒಂದು ಸಂಜೆಯ ಕೆಲಸ.

ವಹಿ ಆರಂಭಿಸುವವರು ಮೊದಲ ಪುಟದಲ್ಲಿ ಕೆರೆಯ ಕೋಡಿಯ ಗುರುತು ಹಾಕಿ. ಎರಡನೇ ಪುಟಕ್ಕೆ, ಊರಿನಲ್ಲಿ ಎಲ್ಲರಿಗಿಂತ ಹಿರಿಯರಾದವರ ಮನೆಗೆ ಹೋಗಿ, ಅವರು ಕುಡಿಯುವ ನೀರು ತರುತ್ತಿದ್ದ ಬಾವಿ ಎಲ್ಲಿತ್ತೆಂದು ಕೇಳಿ. ಹೆಣ್ಣುಮಕ್ಕಳನ್ನೇ ಕೇಳಿ, ಕೊಡ ಹೊತ್ತು ನಡೆದವರು ಅವರು.